ಬುಡದಿಂದ ಕೇಳುತ್ತಿದ್ದವಳು

ನಾವುಂದದಲ್ಲಿ ನಮ್ಮ ಮನೆಗೆ ಮೀನು ತರುತ್ತಿದ್ದ ಹೆಂಗಸಿಗೆ ಹಿಂದುಮುಂದಿಲ್ಲದ ಮಾತು ಸೇರುತ್ತಿರಲಿಲ್ಲ. ನಾನು ತಡವರಿಸಿದರೆ ಬುಟ್ಟಿ ಇಳಿಸಿ, "ತಲಿ ಒಂದ್ ಬದಿ, ಬಾಲ ಒಂದ್ ಬದಿ ಇದ್ರೆ ಮೀನ್ ಆತ್ತಾ ಅಕ್ಕ? ಬುಡದಿಂದ ಹೇಳಿ" ಎಂದು ನಗುತ್ತಿದ್ದಳು.

ಮಕ್ಕಳೇ, ನಿಮ್ಮ ಅಜ್ಜಯ್ಯ ತೀರಿಕೊಂಡಾಗ ಬಂದವರೆಲ್ಲ "ಆ ಸುದ್ದಿ ಬ್ಯಾಡ" ಎಂದು ನನ್ನ ಬಾಯಿ ಮುಚ್ಚಿಸಿದರು. ಆ ಬೆಳಗು ನನ್ನೊಳಗೆ ಚೂರುಚೂರಾಗಿಯೇ ಉಳಿಯಿತು, ಅಳುವೂ ಬರಲಿಲ್ಲ.

ಸೂತಕದ ಮನೆಗೆ ಮೀನು ಬೇಡವಾದರೂ ಅವಳು ಬರಿಗೈಯಲ್ಲಿ ಬಂದು ನನ್ನ ಪಕ್ಕದಲ್ಲಿ ಕುಳಿತಳು.

"ಅವ್ರ್ ಎದ್ದ್ ಎಂತ ಮಾಡಿದ್ರ್?"

"ಚಾ ಕುಡ್ದ್ರ್."

"ಮತ್ತೆ?"

"ಎದಿ ನೋವ್ ಅಂದ್ರ್. ಮನಿಕಂಡ್ರ್."

"ಮತ್ತೆ?"

"ಕರ್ದೆ. ಏಳ್ಲಿಲ್ಲ."

ಮೊದಲ ಬಾರಿಗೆ ನಾನು ಗಟ್ಟಿಯಾಗಿ ಅತ್ತೆ. ಅವಳು ನನ್ನ ಕೈ ಹಿಡಿದು ಕುಳಿತಳು. 'ಮತ್ತೆ' ಎನ್ನಲಿಲ್ಲ.