ತೊಟ್ಟಿಗೊಂದು ಕೈ, ಚೌಕಟ್ಟಿಗೊಂದು ಕೈ

ಪಟಪಟ, ಪಟಪಟ. ಶೇಗಾಂವದ ಬಸ್ ಸ್ಟ್ಯಾಂಡಿನ ತನಕ ಕೇಳುವ ಹಿಟ್ಟಿನ ಗಿರಣಿಯ ಸಪ್ಪಳ, ಅದನ್ನು ನಡೆಸುವ ಮಂಗಲಳಿಗೆ ಮಾತ್ರ ಕೇಳುತ್ತಿರಲಿಲ್ಲ. ಜೋಳದಲ್ಲಿ ಒಂದು ಸಣ್ಣ ಕಲ್ಲಿನ ಹರಳಿದ್ದರೂ ಕೇಳಿಸಿಕೊಂಡು ಗಿರಣಿ ನಿಲ್ಲಿಸುತ್ತಾಳೆಂದು ದೂರದ ಡಫಳಾಪುರದಿಂದಲೂ ಜನ ಬರುತ್ತಿದ್ದರು. ಕಿವಿ ಕೇಳದಾದದ್ದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಎದುರಿನವರ ತುಟಿ ನೋಡಿ ಉತ್ತರ ಕೊಡುತ್ತಿದ್ದಳು. ಹೇಳಿದರೆ ಚೀಲಗಳೆಲ್ಲ ಊರಲ್ಲಿ ಶುರುವಾಗಿದ್ದ ಹೊಸ ಗಿರಣಿಯ ದಾರಿ ಹಿಡಿಯುತ್ತವೆಂಬ ಅಂಜಿಕೆ.

ಆ ಮಧ್ಯಾಹ್ನ ನೆರೆಮನೆಯ ಉಮಾಶ್ರೀ, ಜತ್ತದ ಕಾಲೇಜಿನಲ್ಲಿ ಬಿಎಸ್ಸಿ ಓದುವವಳು, ಒಂದು ತಗಡನ್ನು ತಂದು ಗಿರಣಿಯ ಚೌಕಟ್ಟಿಗೆ ಬಿಗಿದಳು. ತಗಡಿನ ಕೆಳಗೆ ಹಿತ್ತಾಳೆಯ ಬಿಲ್ಲೆ, ತಗಡಿಗೆ ಏನಾದರೂ ಬಡಿದರೆ ಮಿಣುಕಲು ಬಿಲ್ಲೆಗೊಂದು ಪುಟ್ಟ ದೀಪ. ಗ್ರಹಗಳ ನಡುವೆ ಹಾರಾಡುವ ಧೂಳು ಉಪಗ್ರಹಕ್ಕೆ ಬಡಿದಾಗ ಎಣಿಸುವ ಉಪಕರಣದ ಮಾದರಿ. ಮರುದಿನ ಕಾಲೇಜಿನಲ್ಲಿ ತೋರಿಸಬೇಕಿತ್ತು.

“ಧೂಳಿಗಿ ಅಷ್ಟು ದೂರ ಯಾಕ ಹೋಗ್ತೀಯವ್ವ? ಈ ಗಿರಣ್ಯಾಗ ಬೇಕಾದಷ್ಟೈತಿ, ಬಳಕೊಂಡು ಹೋಗು,” ಎಂದಳು ಜೋಳ ಬೀಸಿಸಲು ಬಂದಿದ್ದ ಅಕ್ಕವ್ವ.

“ಅದು ಕಣ್ಣಿಗಿ ಕಾಣಂಗಿಲ್ಲ ಆಯಿ. ಬಡದದ್ದಷ್ಟ ಗೊತ್ತಾಗತೈತಿ. ನಮ್ಮ ದೇಶದವರು ಮ್ಯಾಲ ಕಳಿಸಿದ್ದಕ್ಕ ಹದಿನಾರು ಮಿನಿಟಿಗೊಂದು ಬಡೀತಂತ.”

ಧೂಳಿನ ಬದಲಿಗೆ ತಂದಿದ್ದ ಉಸುಕನ್ನು ಉಮಾಶ್ರೀ ತಗಡಿನ ಮೇಲೆ ಉದುರಿಸುವ ಮೊದಲೇ ದೀಪ ಎಡೆಬಿಡದೆ ಮಿಣುಕತೊಡಗಿತು. “ಉಪಗ್ರಹನೂ ನಡುಗತೈತಿ ಅಂತ ಇಲ್ಲಿ ತಂದೆ. ನಡುಕ ಯಾವ್ದು, ಕಣ ಯಾವ್ದು, ಒಂದೂ ತಿಳೀವಲ್ದು,” ಎಂದವಳ ಕಣ್ಣು ತುಂಬಿತ್ತು.

ಮಂಗಲ ಅವಳ ತುಟಿಯನ್ನೇ ನೋಡುತ್ತಿದ್ದಳು. ಉತ್ತರ ಅವಳಿಗೆ ಗೊತ್ತಿತ್ತು. ಎರಡು ವರ್ಷದಿಂದ ಅದರ ಮೇಲೆಯೇ ಅವಳ ಬದುಕು. ಆದರೆ ಅಕ್ಕವ್ವನ ಎದುರು ಆಡಿದ ಮಾತು ಸಂಜೆಯೊಳಗೆ ಊರ ಮಾತು. ಇನ್ನೊಮ್ಮೆ ಹುಡುಗಿಯ ಮುಖ ನೋಡಿದಳು. ಎಡಗೈಯನ್ನು ಚೌಕಟ್ಟಿನ ಮೇಲೆ, ಬಲಗೈಯನ್ನು ಕಾಳಿನ ತೊಟ್ಟಿಯ ಮೇಲೆ ಇಟ್ಟಳು.

“ಎರಡೂ ಕೈಗಿ ಬಂತಂದ್ರ ಗಿರಣಿ ನಡುಕ. ಬಲಗೈಗಷ್ಟ ಬಂತಂದ್ರ ಹರಳು. ತಗಡು ಬಿಟ್ಟು ಬರೇ ಚೌಕಟ್ಟಿಗಿ ಇನ್ನೊಂದು ಬಿಲ್ಲಿ ಹಚ್ಚವ್ವ. ಎರಡಕ್ಕೂ ಬಂದದ್ದು ಎಣಸಬ್ಯಾಡ, ತಗಡಿಗಷ್ಟ ಬಂದದ್ದು ಎಣಸು.”

ಅಕ್ಕವ್ವ ಎದ್ದು ನಿಂತಳು. “ಹರಳಿನ ಸಪ್ಪಳ ನೀ ಕಿವೀಲೆ ಕೇಳತಿದ್ದಿ ಅಲ್ಲೇನ?”

“ಕಿವಿ ಹೋಗಿ ಎರಡು ವರ್ಷಾತು.”

“ಅಯ್ಯ ನಮ್ಮವ್ವ! ಕಿವುಡಿ ಕೈಯಾಗ ಜ್ವಾಳ ಕೊಟ್ಟು ಕುಂತೀನೇನ? ಉಳದ ಚೀಲ ಹೊಸ ಗಿರಣಿಗಿ ಒಯ್ತೀನಿ ನೋಡು.”

ಮಂಗಲಳ ಮುಖ ಸಣ್ಣದಾಯಿತು. ಕೈ ಮಾತ್ರ ತೆಗೆಯಲಿಲ್ಲ.

“ಒಯ್ಯಬೇ. ಆದ್ರ ಈ ಎರಡು ವರ್ಷದಾಗ ನಿನ್ನ ರೊಟ್ಟ್ಯಾಗ ಒಂದಾದ್ರೂ ಹರಳು ಸಿಕ್ಕಿದ್ರ ಹೇಳು, ನಾ ಈ ಗಿರಣಿನ...”

ತೊಟ್ಟಿಯ ಮೇಲಿದ್ದ ಬಲಗೈಗಷ್ಟೇ ಏನೋ ತಟ್ಟನೆ ಬಡಿಯಿತು. ಮಾತನ್ನು ಅಲ್ಲಿಯೇ ಬಿಟ್ಟು ಅವಳು ಗಿರಣಿ ನಿಲ್ಲಿಸಲು ಗೋಡೆಯ ಸ್ವಿಚ್ಚಿನತ್ತ ನಡೆದಳು.