ಬರಿಗೈಲಿ ಕಿತ್ತ ಕಾಂಗ್ರೆಸ್ ಕಳೆ

ಸಾಸ್ವೆಹಳ್ಳಿಯ ಸುಂಕಲಮ್ಮನಿಗೆ ಹದಿನೆಂಟು ದಿನದ ಕೂಲಿ ಬರಬೇಕು. ೧೯೭೮ರ ಬಾಕಿ. ನಾಲೆ ಏರಿಯ ಕಾಂಗ್ರೆಸ್ ಕಳೆ ಕಿತ್ತದ್ದಕ್ಕೆ, ದಿನಕ್ಕೆ ಮೂರು ರೂಪಾಯಿಯಂತೆ. ಗುತ್ತಿಗೆದಾರ ಸಾಹುಕಾರ ಅದನ್ನು ಕೊಡದೇ ಹೋದದ್ದು ಅವಳ ಮುಖದ ದೆಸೆಯಿಂದ.

ಆ ಬಿಳಿ ಹೂವಿನ ಗಿಡ ನಾಲ್ಕೈದು ವರ್ಷದಲ್ಲಿ ನಾಲೆಯ ಏರಿ, ಗೋಮಾಳ, ರಸ್ತೆ ಬದಿ ಎಲ್ಲವನ್ನೂ ನುಂಗಿತ್ತು. ಏಳು ಹೆಂಗಸರು ಬರಿಗೈಲಿ ಕಿತ್ತು, ಹೊರೆ ಕಟ್ಟಿ, ತಲೆ ಮೇಲೆ ಹೊತ್ತು ಗುಂಡಿಗೆ ಹಾಕುತ್ತಿದ್ದರು. ಸಿಂಬೆಗೆ ಬಟ್ಟೆ ಯಾಕೆ ಹಾಳುಮಾಡಬೇಕೆಂದು ಅದೇ ಹಸಿ ಕಳೆಯನ್ನು ಸುತ್ತಿ ಹೊರೆಯಡಿ ಇಟ್ಟುಕೊಳ್ಳುತ್ತಿದ್ದರು. ಮೆತ್ತಗಿತ್ತು, ತಂಪಾಗಿತ್ತು. ಬೆವರಿನ ಜೊತೆ ಅದರ ರಸ ಹಣೆ, ರೆಪ್ಪೆ, ಕತ್ತಿಗೆ ಇಳಿಯುತ್ತಿತ್ತು. ಅದನ್ನು ಮೈಗೆ ಸೋಕಿಸಬಾರದೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಗೊತ್ತಿದ್ದವರು ನೀರಾವರಿ ಆಫೀಸಿನಲ್ಲಿ ಫ್ಯಾನಿನ ಕೆಳಗೆ ಕೂತಿದ್ದರು.

ಮೊದಲ ವರ್ಷ ಏನೂ ಆಗಲಿಲ್ಲ. ಎರಡನೇ ವರ್ಷ ಸುಂಕಲಮ್ಮನ ರೆಪ್ಪೆ ಊದಿ ಕಣ್ಣು ಮುಚ್ಚಿಕೊಂಡವು. ಹಣೆ, ಕತ್ತಿನ ಚರ್ಮ ದಪ್ಪವಾಗಿ, ಕಪ್ಪಾಗಿ, ಸೀಳಿ ನೀರು ಒಸರಿತು. ಗುತ್ತಿಗೆದಾರನ ಮೇಸ್ತ್ರಿ ಅಂಜಿನಪ್ಪ ಅವಳನ್ನು ಏರಿ ಮೇಲೇ ತಡೆದ.

"ಅಲ್ಲೇ ನಿಂತ್ಕ! ದೊಡ್ಡರೋಗದೋಳ್ನ, ಕುಷ್ಠದೋಳ್ನ ಇಟ್ಕಂಡ್ರೆ ನಾಳೆ ಒಬ್ರೂ ಕೆಲ್ಸಕ್ಕೆ ಬರಲ್ಲ."

"ದೊಡ್ಡರೋಗ ಬಂದ್ರೆ ಮೈ ಜೋಮು ಹಿಡಿತೈತಂತೆ ಮೇಸ್ತ್ರಿ. ನಂಗೆ ಉರಿ ತಡ್ಯಾಕಾಗಲ್ಲ."

"ಅದಲ್ಲ ಅಂತ ಡಾಕ್ಟ್ರು ಬರ್ಕೊಡ್ಲಿ, ಆಮೇಲ್ ಬಾ."

ಬರೆಸಿ ತಂದರೆ ಕೆಲಸ ಉಳಿಯುತ್ತದೆಂದು ನಂಬಿ ದಾವಣಗೆರೆ ಬಸ್ಸು ಹತ್ತಿದಳು. ಅಲ್ಲಿಯ ಚರ್ಮದ ಡಾಕ್ಟರು ಅವಳ ಬೆನ್ನಿಗೆ ಅದೇ ಕಳೆಯ ಎಲೆ ಇಟ್ಟು ಪಟ್ಟಿ ಅಂಟಿಸಿದರು. ಮೂರನೇ ದಿನ ತೆಗೆದರೆ ಎಲೆಯಷ್ಟಗಲ ಬೊಬ್ಬೆ.

"ಇದು ಅಲರ್ಜಿ ತಾಯಿ. ಮೈಯನ್ನು ಕಾಯೋ ಶಕ್ತಿ ಈ ಗಿಡ ಕಂಡರೆ ರೇಗಿ ನಿಮ್ಮ ಚರ್ಮವನ್ನೇ ಸುಡ್ತಿದೆ. ಯಾರಿಗೂ ಅಂಟಲ್ಲ. ಕಳೆ ಹತ್ತಿರ ಮಾತ್ರ ಹೋಗಬೇಡಿ" ಎಂದು ಚೀಟಿ ಬರೆದುಕೊಟ್ಟರು.

ಅಂಜಿನಪ್ಪ ಚೀಟಿ ಓದಿ ಮಡಚಿದ. "ಹಂಗಾದ್ರೆ ತಪ್ಪು ನಿನ್ ಮೈದು. ಉಳಿದ ಆರು ಜನಕ್ಕೆ ಏನಾಗೈತೆ?"

"ಕಳೆ ಬ್ಯಾಡ, ಮಣ್ಣು ಹೊರ್ತೀನಿ. ಕೊಡ್ರಿ."

"ಪಟ್ಟೀಲಿ ನಿನ್ ಹೆಸ್ರು ಹೊಡ್ದಾಗೈತೆ. ಕೂಲಿನೂ ಇಲ್ಲ. ನೀನು ಬಿಟ್ಟೋಗಿದ್ದಕ್ಕೆ ಕೆಲ್ಸ ನಿಂತು ಸಾಹುಕಾರ್ರಿಗೆ ಲುಕ್ಸಾನು."

ಪಕ್ಕದಲ್ಲಿ ಕೀಳುತ್ತಿದ್ದ ದುರುಗಮ್ಮ ಸೊಂಟ ನೆಟ್ಟಗೆ ಮಾಡಿದಳು. "ಮೇಸ್ತ್ರಿ, ನಿಮ್ ಸಾಹುಕಾರ್ರಿಗೆ ಕೂಲಿ ಕೊಡೋದೇ ಅಲರ್ಜಿ ಇರ್ಬೇಕು. ಅವರ್ನೂ ಡಾಕ್ಟ್ರ ತಾವ ಕರ್ಕಂಡ್ ಹೋಗ್ರಿ!"

ಆರೂ ಜನ ನಕ್ಕು, ಸುಂಕಲಮ್ಮನ ಕೂಲಿ ಕೊಡುವ ತನಕ ಕೀಳುವುದಿಲ್ಲವೆಂದು ಹೊರೆ ಅಲ್ಲೇ ಬಿಸಾಕಿ ಏರಿಯಿಂದ ಇಳಿದರು. ಅಷ್ಟೇ. ಮಾರನೇ ದಿನ ನ್ಯಾಮತಿ ಕಡೆಯಿಂದ ಲಾರಿಯಲ್ಲಿ ಬೇರೆ ಹೆಂಗಸರು ಬಂದರು. ಅವರ ಕೈಯೂ ಬರಿಗೈ.

ಸುಂಕಲಮ್ಮನಿಗೆ ಮತ್ತೆ ಬಯಲಿನ ಕೆಲಸ ಸಿಗಲಿಲ್ಲ. ಸಿಕ್ಕಿದ್ದರೂ ಮಾಡುವಂತಿರಲಿಲ್ಲ, ಹೂಬಿಟ್ಟ ಕಳೆಯ ಗಾಳಿ ಬೀಸಿದರೇ ಮುಖ ಊದುತ್ತಿತ್ತು. ಬಾಗಿಲು ಹಾಕಿಕೊಂಡು ಮುತ್ತುಗದ ಊಟದೆಲೆ ಹಚ್ಚಿ, ಮಾರಿ ಬದುಕಿದಳು. ೧೯೮೩ರಲ್ಲಿ, ಬೇರೆ ಕಡೆ ಕಳೆ ಕೀಳುತ್ತಲೇ ಇದ್ದ ದುರುಗಮ್ಮನ ರೆಪ್ಪೆಗಳೂ ಊದಿದವು.

ಓದುತ್ತಿರುವವರೇ, ನಿಮ್ಮ ಹೊಲದ ಬದುವಿನಲ್ಲೂ ಆ ಕಳೆ ನಿಂತಿದೆ. ಕೀಳಲು ಯಾರನ್ನೋ ಕರೆಯುತ್ತೀರಿ. ಮೊದಲು ಕೈಗವಸು, ತುಂಬುತೋಳಿನ ಅಂಗಿ ಕೊಡಿ. ಮೈ ಉರಿಯುತ್ತದೆ ಅಂದವಳಿಗೆ ಬೇರೆ ಕೆಲಸ ಕೊಡಿ, ಮನೆಗೆ ಅಟ್ಟಬೇಡಿ. ಇಷ್ಟು ಆಗದಿದ್ದರೆ ಸೀರೆ ಎತ್ತಿಕಟ್ಟಿ, ಪಂಚೆ ಮಡಚಿ, ನೀವೇ ಬಂದು ಕೀಳಿ.