ನೀನು ಓದಲಾರದ ಲಿಪಿಯಲ್ಲಿ

ವಸುಧಾ, ನಿನ್ನ ಗುಟ್ಟನ್ನು ಹೊರಗೆ ಹಾಕಿದವಳು ನಿನ್ನ ಗೆಳತಿ ರೇವತಿಯಲ್ಲ, ನಾನು. ನಿನ್ನ ಮೊದಲ ಸಂಬಂಧ ಮುರಿದದ್ದು ನನ್ನ ಬ್ಲಾಗಿನಿಂದ.

ಆಗಿನ್ನೂ ಬ್ಲಾಗ್ ಎಂದರೆ ಹೊಸದು. ಮೈಸೂರಿನಿಂದ ತಾಂಬರಂಗೆ ಸೊಸೆಯಾಗಿ ಬಂದ ನನಗೆ ನಿಮ್ಮ ಮನೆಯೇ ಒಂದು ಸೋಜಿಗ — ಎಲ್ಲರೂ ಕನ್ನಡ ಆಡುವವರು, ಓದಲು ಮಾತ್ರ ಒಬ್ಬರಿಗೂ ಬಾರದು. ತಲೆಮಾರುಗಳಿಂದ ಮದ್ರಾಸಿನಲ್ಲಿದ್ದು ಶಾಲೆಯಲ್ಲಿ ತಮಿಳು ಕಲಿತವರು, ನಿನ್ನಣ್ಣನೂ ಅಷ್ಟೆ. ದಿನಕ್ಕೆ ಹತ್ತು ಸಾಲು ಕನ್ನಡ, ಒಂದು ದಿನವೂ ತಪ್ಪಬಾರದು ಎಂದು ನೇಮ ಹಾಕಿಕೊಂಡೆ. ಬೆಳಿಗ್ಗೆ ಡಿಕಾಕ್ಷನ್ ಇಳಿಯುವಷ್ಟರಲ್ಲಿ ಏನಾದರೊಂದನ್ನು ಗಮನಿಸುವುದು, ಪೆರುಂಗುಡಿಯ ಬಸ್ಸಿನಲ್ಲಿ ಅದನ್ನು ವಾಕ್ಯ ಮಾಡಿಕೊಳ್ಳುವುದು, ಆಫೀಸಿಗೆ ಬೇರೆಯವರು ಬರುವ ಮೊದಲೇ ಟೈಪ್ ಮಾಡಿಬಿಡುವುದು. ಹನಿ ಹನಿಗೂಡಿದರೆ ಹಳ್ಳ ಎನ್ನುವುದು ಸುಳ್ಳಲ್ಲ. ಓದುಗರು ಬಂದರು, ನಾಳೆ ಏನು ಎಂದು ಕೇಳತೊಡಗಿದರು. ನನಗೂ ಅದೇ ಕುತೂಹಲ. ಕಾಗೆ, ಹಾಲಿನವನು, ಮಾವನವರ ಗೊರಕೆ — ಯಾವುದನ್ನೂ ಬಿಡಲಿಲ್ಲ.

ನಿನ್ನ ನಿಶ್ಚಿತಾರ್ಥವಾದ ಮೇಲೆ ಒಂದು ಸಂಜೆ ಇಬ್ಬರೂ ಬೀನ್ಸ್ ನಾರು ತೆಗೆಯುತ್ತ ಕೂತಿದ್ದೆವು. ನೀನು ಕಾಲೇಜಿನ ದಿನಗಳಲ್ಲಿ ಇಷ್ಟಪಟ್ಟಿದ್ದ ಹುಡುಗನ ಸುದ್ದಿ ಹೇಳಿದೆ. ಅವನಿಗಾಗಿ ತಾಂಬರಂ ಸ್ಟೇಷನ್ನಿನ ಮೇಲ್ಸೇತುವೆಯಲ್ಲಿ ನಿಂತು ಬೇಕೆಂದೇ ರೈಲು ತಪ್ಪಿಸಿಕೊಳ್ಳುತ್ತಿದ್ದುದನ್ನೂ ಹೇಳಿದೆ. ಆಮೇಲೆ ನಕ್ಕೆ. ಅತ್ತಿಗೆ ಎನ್ನದೆ ತಮಿಳರಂತೆ ಮನ್ನಿ ಎಂದೇ ನನ್ನನ್ನು ಕರೆಯುವವಳು ನೀನು.

"ಅದೆಲ್ಲ ಮುಗಿದ ಕತೆ, ಮನ್ನಿ. ಯಾರ ಹತ್ರಾನೂ ಹೇಳ್ಬೇಡಿ. ರೇವತಿಗೆ ಮಾತ್ರ ತೆರಿಯುಂ." ಅಂದರೆ ಗೊತ್ತಿದ್ದವರು ರೇವತಿ ಮತ್ತು ನಾನು, ಇಬ್ಬರೇ.

ಮರುದಿನ ಬೆಳಿಗ್ಗೆ ಬರೆಯಲು ಬೇರೇನೂ ಕಾಣಲಿಲ್ಲ — ಅಥವಾ ನಾನು ನೋಡಲಿಲ್ಲವೋ? ಬಸ್ಸಿನಲ್ಲಿ ನಿನ್ನ ಮೇಲ್ಸೇತುವೆಯೇ ವಾಕ್ಯವಾಗುತ್ತ ಹೋಯಿತು. ಹೆಸರು ಬದಲಾಯಿಸಿದೆ. ಆದರೆ ತಾಂಬರಂ ಬಿಡಲಿಲ್ಲ, ಪುರಸೈವಾಕ್ಕಂನಲ್ಲಿ ಕೊಂಡ ನಿಶ್ಚಿತಾರ್ಥದ ಗಿಳಿಹಸಿರು ಸೀರೆ ಬಿಡಲಿಲ್ಲ. ಅವು ಹೋದರೆ ಬರಹ ಸಪ್ಪೆಯಾಗುತ್ತಿತ್ತು. ಮನೆಯಲ್ಲಿ ಓದುವವರಿಲ್ಲ ಎಂಬುದಷ್ಟೇ ನನ್ನ ಲೆಕ್ಕ. ನಿನಗೆ ನಿಶ್ಚಯವಾಗಿದ್ದ ಹುಡುಗನ ಕಡೆಯವರು ನನ್ನೂರಿನವರೇ, ಕನ್ನಡ ಓದುವವರೇ — ಅದು ಹೊಳೆಯಲಿಲ್ಲ ಎಂದರೆ ನೀನು ನಂಬುತ್ತೀಯಾ? ಹೊಳೆಯಿತೋ ಇಲ್ಲವೋ, ನನಗೇ ಇವತ್ತಿಗೂ ಸರಿಯಾಗಿ ತಿಳಿಯದು.

ಕೆಲವೇ ದಿನಗಳಲ್ಲಿ ಹುಡುಗನ ತಾಯಿ ಫೋನ್ ಮಾಡಿದರು. "ನಿಮ್ಮ ಹುಡುಗಿ ಸ್ಟೇಷನ್ ಬ್ರಿಡ್ಜ್ ಮೇಲೆ ಯಾರಿಗೆ ಕಾಯ್ತಿದ್ದಳು, ಕೇಳಿ ನೋಡಿ," ಎಂದು ಮಾವನವರಿಗೆ ಹೇಳಿ ಇಟ್ಟುಬಿಟ್ಟರು.

ನೀನು ಅಳಲಿಲ್ಲ. "ರೇವತಿನೇ. ಬೇರೆ ಯಾರು? ಮನ್ನಿ ಹೇಳಲ್ಲ," ಎಂದೆ. ನಾನು ಅಲ್ಲೇ ನಿಂತಿದ್ದೆ.

ಸಂಜೆ ರೇವತಿ ಗೇಟಿನ ಹತ್ತಿರ ಬಂದು "ನಾನ್ ಸೊಲ್ಲಲೆ, ಅಕ್ಕಾ," ಎಂದಳು. ತಾನು ಹೇಳಿಲ್ಲವೆಂದು ಅವಳು ನನ್ನೆದುರೇ ಆಣೆಯಿಟ್ಟಳು! ನೀನು ಮಲಗಿದ್ದೀಯೆಂದು ಸುಳ್ಳು ಹೇಳಿ ಕಳಿಸಿದೆ. ಆ ಬರಹವನ್ನು ಅಳಿಸಿದೆ. ಮರುದಿನ ಮತ್ತೆ ಹತ್ತು ಸಾಲು ಬರೆದೆ — ಹೂಕೋಸಿನ ಬಗ್ಗೆ. ಅದೆಂಥ ಕೈ ಇರಬೇಕು ನನ್ನದು, ಅಂದೂ ತಪ್ಪದೆ ಬರೆಯಿತಲ್ಲ?

ನಿನಗೆ ಬೇರೆ ಕಡೆ ಮದುವೆಯಾಯಿತು, ಚೆನ್ನಾಗಿದ್ದೀಯ. ಅದನ್ನೇ ಸಮಾಧಾನ ಮಾಡಿಕೊಂಡಿದ್ದೆ. ಆದರೆ ಮೊನ್ನೆ ಪೇಟೆಯಲ್ಲಿ ರೇವತಿಯನ್ನು ಕಂಡು ನೀನು ಮುಖ ತಿರುಗಿಸಿ ನನ್ನ ಕೈಹಿಡಿದು ರಸ್ತೆ ದಾಟಿಸಿದೆ. ಅವಳು ನೋಡುತ್ತ ನಿಂತೇ ಇದ್ದಳು. ನನಗೆ ನಾಚಿಕೆಯಾಯಿತು, ವಸುಧಾ.

ಈಗ ನೋಡಿದರೆ ಇದನ್ನೂ ಕನ್ನಡದಲ್ಲೇ ಬರೆದಿದ್ದೇನೆ. ನೀನು ಓದಲಾರೆ ಎಂಬ ಧೈರ್ಯ ಇನ್ನೂ ಬಿಟ್ಟಿಲ್ಲ. ಹೀಗೆಯೇ ಇಟ್ಟರೆ ಇದು ಇನ್ನೊಂದು ದಿನದ ಬರಹ, ಅಷ್ಟೆ. ಭಾನುವಾರ ನೀನು ಬಂದಾಗ ಎದುರಿಗೆ ಕೂತು ಗಟ್ಟಿಯಾಗಿ ಓದುತ್ತೇನೆ. ನೀನು ಎದ್ದು ಹೋದರೆ ತಡೆಯುವುದಿಲ್ಲ. ಆಮೇಲೆ ರೇವತಿಯ ಮನೆಗೆ ಹೋಗಿ, ನನ್ನ ಹರಕುಮುರುಕು ತಮಿಳಿನಲ್ಲಿ, ಎಲ್ಲವನ್ನೂ ಮೊದಲಿನಿಂದ ಹೇಳುತ್ತೇನೆ.